ಕಾಲು ಜೋಮು ಹಿಡಿದಾಗ: ಸಕ್ಕರೆ ಕಾಯಿಲೆಯ ರೈತರಿಗೆ ಕೆಲವು ಸೂಚನೆಗಳು



ಈ ಪುಟದಲ್ಲಿ ನೀವು ವಾರವಾರವೂ ಬೀಜ, ಗೊಬ್ಬರ, ರೋಗ, ಕೀಟಗಳ ವಿಷಯ ಓದುತ್ತಾ ಬಂದಿದ್ದೀರಿ. ಈ ವಾರ ಬೆಳೆಯ ವಿಷಯವನ್ನು ಬದಿಗಿಟ್ಟು ಬೆಳೆಗಾರನ ಪಾದದ ವಿಷಯವನ್ನು ತೆಗೆದುಕೊಂಡಿದ್ದೇನೆ. ಎತ್ತು ಕುಂಟಿದರೆ ನಾವು ಅಂದೇ ಗೊರಸು ಎತ್ತಿ ನೋಡುತ್ತೇವೆ. ನಮ್ಮ ಅಂಗಾಲನ್ನು ಮಾತ್ರ ವರ್ಷಕ್ಕೊಮ್ಮೆಯೂ ತಿರುಗಿಸಿ ನೋಡುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಈ ಅಸಡ್ಡೆ ಬಹಳ ದುಬಾರಿಯಾಗುತ್ತದೆ.

ನನಗೆ ಈ ಪಾಠ ಬಂದದ್ದು ಗದ್ದೆಯಲ್ಲಿಯೇ. ಎರಡು ವರ್ಷಗಳ ಹಿಂದೆ ಮುಂಗಾರಿನಲ್ಲಿ, ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಯ ಬಯಲಿನ ಒಂದು ಹಳ್ಳಿಯಲ್ಲಿ ಸಾಲು ನಾಟಿಯ ಪ್ರಾತ್ಯಕ್ಷಿಕೆ ಇತ್ತು. ಪ್ಯಾಂಟು ಮಡಿಸಿ ಬರಿಗಾಲಿನಲ್ಲಿ ಕೆಸರಿಗಿಳಿದು, ಒಂದು ಗಂಟೆ ಹಗ್ಗ ಹಿಡಿದು ನಾಟಿ ತೋರಿಸಿ, ಬದುವಿನ ಮೇಲೆ ಬಂದು ನಿಂತೆ. ಅಲ್ಲಿದ್ದ ಹಿರಿಯ ರೈತರೊಬ್ಬರು, "ಸಾರ್, ಕಾಲಲ್ಲಿ ರಕ್ತ ಸುರೀತಾ ಅದಲ್ಲಾ, ಗೊತ್ತಾಗ್ನಿಲ್ವಾ?" ಎಂದರು. ನೋಡಿದರೆ ಬಲಗಾಲಿನ ಅಂಗಾಲಿನಲ್ಲಿ ಒಡೆದ ಬಾಟಲಿಯ ಚೂರು ಹೊಕ್ಕು ಕೂತಿತ್ತು. ಅದನ್ನು ಕಿತ್ತು ತೆಗೆದಾಗಲೂ ನನಗೆ ನೋವು ಅಷ್ಟಾಗಿ ಆಗಲಿಲ್ಲ. ಗಾಯಕ್ಕಿಂತ ಅದೇ ನನ್ನನ್ನು ಹೆಚ್ಚು ಹೆದರಿಸಿತು.

ನನಗೆ ಸಕ್ಕರೆ ಕಾಯಿಲೆ ಬಂದು ಆಗ ಒಂಬತ್ತು ವರ್ಷವಾಗಿತ್ತು. ಅದಕ್ಕೂ ಒಂದು ವರ್ಷ ಮೊದಲಿನಿಂದ ಕಾಲ್ಬೆರಳುಗಳಲ್ಲಿ ಜೋಮು ಇತ್ತು. ರಾತ್ರಿ ಇರುವೆ ಹರಿದ ಹಾಗೆ, ಕೆಲವು ದಿನ ಅಂಗಾಲು ಉರಿದ ಹಾಗೆ ಆಗುತ್ತಿತ್ತು. ಮೋಟಾರ್ ಸೈಕಲ್ ಓಡಾಟದ ಆಯಾಸ ಎಂದುಕೊಂಡೆ. ಒಂದು ದಿನ ನಡೆಯುವಾಗ ಕಾಲಿನಿಂದ ಚಪ್ಪಲಿ ಜಾರಿ ಬಿದ್ದುಹೋಗಿ, ಹತ್ತು ಹೆಜ್ಜೆ ಮುಂದೆ ಹೋದ ಮೇಲೆ ತಿಳಿದಾಗಲೂ ನಕ್ಕು ಸುಮ್ಮನಾದೆ. ರಕ್ತದ ಸಕ್ಕರೆ ಹಿಡಿತದಲ್ಲಿತ್ತು. ಆದ್ದರಿಂದ ಕಾಲಿಗೂ ಸಕ್ಕರೆಗೂ ಸಂಬಂಧವಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಈ ತೀರ್ಮಾನ ಎಲ್ಲಿ ತಪ್ಪಿತು ಎಂಬುದನ್ನು ನಿಮಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ನಾಲೆಯ ಕೊನೆಯ ಗದ್ದೆಗಳಂತೆ

ನಮ್ಮ ದೇಶದಲ್ಲಿ ಈ ಕಾಯಿಲೆ ಎಷ್ಟು ವ್ಯಾಪಕವಾಗಿದೆ ಎಂಬುದನ್ನು ಮೊದಲು ತಿಳಿಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಯೋಗದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ 2021ರಲ್ಲಿ ದೇಶದ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇತ್ತು, ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿದ್ದರು. ಇದು ಪೇಟೆಯವರ ಕಾಯಿಲೆ, ಗೇಯುವವರಿಗೆ ಬರುವುದಿಲ್ಲ ಎಂಬ ಮಾತು ಈಗ ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಕಾಲಾಂತರದಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಯಾವುದಾದರೊಂದು ಬಗೆಯ ನರದೋಷ ಬರುತ್ತದೆ. ಕೆಲವರಲ್ಲಿ ಸಕ್ಕರೆ ಕಾಯಿಲೆ ಇದೆ ಎಂದು ಮೊದಲು ತಿಳಿಯುವುದೇ ಕಾಲಿನ ಜೋಮಿನಿಂದ.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿ ಉಳಿದರೆ ನರದ ಎಳೆಗಳಿಗೂ, ನರಕ್ಕೆ ಆಹಾರ ಒಯ್ಯುವ ಸೂಕ್ಷ್ಮ ರಕ್ತನಾಳಗಳಿಗೂ ಹಾನಿಯಾಗುತ್ತದೆ. ಹಾಗಾದರೆ ಅದು ಪಾದದಿಂದಲೇ ಏಕೆ ಶುರುವಾಗುತ್ತದೆ? ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ನಾಲೆಯಲ್ಲಿ ನೀರು ಸ್ವಲ್ಪ ಕಡಿಮೆಯಾದರೆ ಮೊದಲು ಒಣಗುವುದು ಕೊನೆಯ ಗದ್ದೆ. ಶರೀರದಲ್ಲಿ ಅತಿ ಉದ್ದವಾದ ನರಗಳು ಸೊಂಟದಿಂದ ಕಾಲ್ಬೆರಳ ತುದಿಗೆ ಹೋಗುವಂಥವು. ಅವುಗಳ ತುದಿ ಮೊದಲು ಸೊರಗುತ್ತದೆ. ಆದ್ದರಿಂದಲೇ ಜೋಮು ಎರಡೂ ಪಾದಗಳ ಬೆರಳಿನಲ್ಲಿ ಪ್ರಾರಂಭವಾಗಿ, ಕಾಲುಚೀಲ ಹಾಕಿದ ಹಾಗೆ ನಿಧಾನವಾಗಿ ಮೇಲಕ್ಕೆ ಏರುತ್ತದೆ. ಮೊಣಕಾಲಿನ ಸಮೀಪಕ್ಕೆ ಬರುವ ವೇಳೆಗೆ ಕೈಬೆರಳ ತುದಿಯಲ್ಲೂ ಕಾಣಿಸಿಕೊಳ್ಳಬಹುದು.

ಎಲೆ ಹಳದಿಯಾದರೆಲ್ಲ ಯೂರಿಯಾ ಅಲ್ಲ

ಭತ್ತದ ಎಲೆ ಹಳದಿಯಾದರೆ ಕೆಲವರು ಕೂಡಲೇ ಯೂರಿಯಾ ಚೀಲ ಬಿಚ್ಚುತ್ತಾರೆ. ಆದರೆ ಹಳದಿ ಬಣ್ಣಕ್ಕೆ ಸಾರಜನಕದ ಕೊರತೆಯೊಂದೇ ಕಾರಣವಲ್ಲ. ಕಬ್ಬಿಣದ ಕೊರತೆ, ಸತುವಿನ ಕೊರತೆ, ನೀರು ನಿಂತು ಬೇರು ಕೊಳೆತಿರುವುದು, ರೋಗ, ಇವುಗಳಲ್ಲಿ ಯಾವುದೂ ಆಗಿರಬಹುದು. ಕಾರಣ ತಿಳಿಯದೆ ಗೊಬ್ಬರ ಹಾಕಿದರೆ ಹಣವೂ ಹೋಗುತ್ತದೆ, ಬೆಳೆಯೂ ಉಳಿಯುವುದಿಲ್ಲ.

ಕಾಲಿನ ಜೋಮಿನ ವಿಷಯವೂ ಹೀಗೆಯೇ. ಸಕ್ಕರೆ ಕಾಯಿಲೆ ಇದೆ ಎಂದ ಮಾತ್ರಕ್ಕೆ ಜೋಮೆಲ್ಲವೂ ಸಕ್ಕರೆಯದೇ ಎಂದು ಕೈಬಿಡಬಾರದು. ಸಕ್ಕರೆ ಹಿಡಿತದಲ್ಲಿದೆ ಎಂದ ಮಾತ್ರಕ್ಕೆ ಏನೂ ಇಲ್ಲವೆಂದೂ ತಿಳಿಯಬಾರದು. ವೈದ್ಯರು ಹುಡುಕುವ ಇತರ ಕಾರಣಗಳಲ್ಲಿ ಮುಖ್ಯವಾದವು ಇವು:

1. ಬಿ-12 ಜೀವಸತ್ವದ ಕೊರತೆ. ಇದರ ವಿಷಯ ಮುಂದೆ ವಿವರವಾಗಿ ಹೇಳುತ್ತೇನೆ.

2. ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿರುವುದು, ಮೂತ್ರಪಿಂಡದ ಕಾಯಿಲೆ.

3. ಮದ್ಯಪಾನ. ಹೆಚ್ಚು ಕಾಲ ಕುಡಿಯುವವರ ನರಗಳು ಸಕ್ಕರೆ ಇಲ್ಲದಿದ್ದರೂ ಕೆಡುತ್ತವೆ. ಸಕ್ಕರೆಯೂ ಸೇರಿದರೆ ಇನ್ನೂ ಬೇಗ ಕೆಡುತ್ತವೆ.

4. ಸೊಂಟದ ಮೂಳೆಗಳ ನಡುವೆ ನರ ಒತ್ತಿಕೊಂಡಿರುವುದು. ಒಂದೇ ಕಾಲಿನಲ್ಲಿ, ಸೊಂಟದಿಂದ ಎಳೆದ ಹಾಗೆ ನೋವು ಮತ್ತು ಜೋಮು ಇದ್ದರೆ ಇದನ್ನು ಶಂಕಿಸಬೇಕು.

5. ಕುಷ್ಠ. ಚರ್ಮದ ಮೇಲೆ ಮಾಸಲು ಅಥವಾ ಕೆಂಪು ಮಚ್ಚೆ ಇದ್ದು, ಅಲ್ಲಿ ಸ್ಪರ್ಶಜ್ಞಾನ ಇಲ್ಲದಿದ್ದರೆ ನಾಚಿಕೆ ಪಡದೆ ತೋರಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ, ಕಾಯಿಲೆ ಪೂರ್ಣ ಗುಣವಾಗುತ್ತದೆ.

6. ಕೀಟನಾಶಕ. ಆರ್ಗನೋಫಾಸ್ಫೇಟ್ ಗುಂಪಿನ ಕೆಲವು ವಿಷಗಳು ಒಮ್ಮೆ ತೀವ್ರವಾಗಿ ಮೈಗೆ ಸೇರಿದರೆ, ಚೇತರಿಸಿಕೊಂಡ ಒಂದೆರಡು ವಾರಗಳ ನಂತರ ಕಾಲುಗಳಲ್ಲಿ ಜೋಮು ಮತ್ತು ಬಲಹೀನತೆ ಬರಬಹುದು. ನೀವು ಔಷಧಿ ಸಿಂಪಡಿಸುವವರಾದರೆ ಯಾವ ಔಷಧಿ, ಎಂದು, ಎಷ್ಟು ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ.

7. ರಕ್ತನಾಳ ಕಿರಿದಾಗಿರುವುದು. ಸ್ವಲ್ಪ ದೂರ ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುವಂತಿದ್ದರೆ ಇದು ನರದ ದೋಷಕ್ಕಿಂತ ರಕ್ತಸಂಚಾರದ ದೋಷವಾಗಿರುವ ಸಂಭವ ಹೆಚ್ಚು. ಬೀಡಿ, ಸಿಗರೇಟು ಸೇದುವವರಲ್ಲಿ ಇದು ಜಾಸ್ತಿ.

ಎಲ್ಲ ಪರೀಕ್ಷೆ ಮಾಡಿದ ಮೇಲೂ ಕೆಲವರಲ್ಲಿ ಕಾರಣ ಸ್ಪಷ್ಟವಾಗುವುದಿಲ್ಲ. ಆಗಲೂ ಪಾದ ಕಾಯುವ ಕೆಲಸ ಮಾತ್ರ ತಪ್ಪುವುದಿಲ್ಲ.

ಮಾತ್ರೆ ಮತ್ತು ಬಿ-12

ನನ್ನ ಗಾಯಕ್ಕೆ ಕಟ್ಟು ಹಾಕಿದ ವೈದ್ಯರು ಎರಡು ಪ್ರಶ್ನೆ ಕೇಳಿದರು. ಎಷ್ಟು ವರ್ಷದಿಂದ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದೀರಿ? ಮಾಂಸ, ಮೊಟ್ಟೆ ತಿನ್ನುತ್ತೀರಾ? ಒಂಬತ್ತು ವರ್ಷದಿಂದ ಮಾತ್ರೆ, ಮನೆಯಲ್ಲಿ ಸಸ್ಯಾಹಾರ, ಸಕ್ಕರೆಯ ಹೆದರಿಕೆಯಿಂದ ಹಾಲನ್ನೂ ಬಿಟ್ಟಿದ್ದೆ. ರಕ್ತ ಪರೀಕ್ಷೆ ಮಾಡಿಸಿದಾಗ ಬಿ-12 ಬಹಳ ಕಡಿಮೆ ಇತ್ತು.

ಮೆಟ್‌ಫಾರ್ಮಿನ್ ಒಳ್ಳೆಯ ಔಷಧಿ. ಅಗ್ಗವಾದದ್ದು, ಬಹುಕಾಲದ ಅನುಭವದಲ್ಲಿ ನಿಂತದ್ದು. ಆದರೆ ಅದು ಕರುಳಿನಲ್ಲಿ ಬಿ-12 ಹೀರಿಕೆಯನ್ನು ಸ್ವಲ್ಪ ತಗ್ಗಿಸುತ್ತದೆ. ಪ್ರಮಾಣ ಹೆಚ್ಚಾದಷ್ಟೂ, ವರ್ಷಗಳು ಕಳೆದಷ್ಟೂ ಕೊರತೆಯ ಸಂಭವ ಹೆಚ್ಚು. ಶರೀರವು ಬಿ-12 ಅನ್ನು ಪಿತ್ತಜನಕಾಂಗದಲ್ಲಿ ಕೆಲವು ವರ್ಷಗಳಿಗೆ ಸಾಕಾಗುವಷ್ಟು ಕೂಡಿಟ್ಟಿರುವುದರಿಂದ ಕೊರತೆ ಬೇಗ ಹೊರಗೆ ಕಾಣುವುದಿಲ್ಲ. ಕಣಜ ಖಾಲಿಯಾದ ಮೇಲೆ ಕಾಣುತ್ತದೆ. ಕಾಲಿನ ಜೋಮು, ಕತ್ತಲೆಯಲ್ಲಿ ತೂರಾಟ, ನಾಲಿಗೆ ಉರಿ, ರಕ್ತಹೀನತೆ, ಮರೆವು ಇದರ ಲಕ್ಷಣಗಳು. ಮೊದಲನೆಯದು ಸಕ್ಕರೆಯ ನರದೋಷವನ್ನೇ ಹೋಲುವುದರಿಂದ ಕಣ್ತಪ್ಪುವುದು ಸುಲಭ.

ಪಶುಪಾಲನೆ ಬಲ್ಲವರಿಗೆ ಈ ಜೀವಸತ್ವದ ಸಂಗತಿ ಹೊಸದಲ್ಲ. ಇದರ ನಡುವೆ ಕೋಬಾಲ್ಟ್ ಎಂಬ ಲೋಹದ ಒಂದು ಅಣು ಇದೆ. ಇದನ್ನು ತಯಾರಿಸುವ ಶಕ್ತಿ ಗಿಡಕ್ಕೂ ಇಲ್ಲ, ಪ್ರಾಣಿಗೂ ಇಲ್ಲ; ಸೂಕ್ಷ್ಮಜೀವಿಗಳಿಗೆ ಮಾತ್ರ ಇದೆ. ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಮೇವಿನ ಕೋಬಾಲ್ಟ್ ಬಳಸಿ ಬಿ-12 ಮಾಡುತ್ತವೆ. ಅದು ಹಾಲಿಗೆ, ಮಾಂಸಕ್ಕೆ ಬರುತ್ತದೆ. ಹೀಗಾಗಿ ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು ಎಷ್ಟೇ ಪುಷ್ಟಿಕರವಾದರೂ ಅವುಗಳಿಂದ ಬಿ-12 ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದ ಸಿಗುತ್ತದೆ. ಡೇರಿಗೆ ಹಾಲೆಲ್ಲ ಹಾಕಿ ಮನೆಗೆ ಕಾಫಿಗಷ್ಟೇ ಉಳಿಸಿಕೊಳ್ಳುವ ಮನೆಗಳು ಇದನ್ನು ಗಮನಿಸಬೇಕು.

ಇಲ್ಲಿ ಮೂರು ಎಚ್ಚರಿಕೆ. ಒಂದು: ಇದನ್ನು ಓದಿ ಮೆಟ್‌ಫಾರ್ಮಿನ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮಾತ್ರೆ ಮುಂದುವರಿಸಿಕೊಂಡೇ ಕೊರತೆಯನ್ನು ಸರಿಪಡಿಸಬಹುದು. ಎರಡು: ಪರೀಕ್ಷೆ ಇಲ್ಲದೆ ಅಂಗಡಿಯಲ್ಲಿ "ನರದ ಮಾತ್ರೆ" ಕೊಂಡು ನುಂಗಬೇಡಿ. ಬಿ-12 ಕೊರತೆ ಇರುವವರು ಫೋಲಿಕ್ ಆಮ್ಲ ಒಂದನ್ನೇ ತೆಗೆದುಕೊಂಡರೆ ರಕ್ತ ಸುಧಾರಿಸಿದಂತೆ ಕಂಡರೂ ಒಳಗೆ ನರ ಕೆಡುತ್ತಲೇ ಹೋಗಬಹುದು. ಮೂರು: ತಡ ಮಾಡಬೇಡಿ. ಬಹಳ ಕಾಲ ಬಿಟ್ಟ ಕೊರತೆಯಿಂದಾದ ಹಾನಿ ಪೂರ್ತಿ ವಾಸಿಯಾಗದೆ ಉಳಿಯಬಹುದು.

ನನಗೆ ಚುಚ್ಚುಮದ್ದು ಕೊಟ್ಟರು, ನಂತರ ಮಾತ್ರೆ. ಆರು ತಿಂಗಳಲ್ಲಿ ಇರುವೆ ಹರಿದಂತಾಗುವುದು ಬಹುಪಾಲು ನಿಂತಿತು. ರಾತ್ರಿ ಎದ್ದು ಹಿತ್ತಿಲಿಗೆ ಹೋಗುವಾಗ ಗೋಡೆ ಹಿಡಿಯುವುದು ತಪ್ಪಿತು. ಬೆರಳುಗಳ ಜೋಮು ಮಾತ್ರ ಇನ್ನೂ ಇದೆ. ಎಷ್ಟು ಪಾಲು ಸಕ್ಕರೆಯದು, ಎಷ್ಟು ಪಾಲು ಬಿ-12 ಕೊರತೆಯದು ಎಂದು ಬದು ಹಾಕಿ ಬೇರ್ಪಡಿಸಲಾಗದು ಎಂದು ವೈದ್ಯರು ಹೇಳಿದರು. ಒಂದು ವರ್ಷ ಮೊದಲೇ ಹೋಗಿದ್ದರೆ ಇನ್ನಷ್ಟು ಉಳಿಯುತ್ತಿತ್ತೇನೋ.

ನೋವಿಲ್ಲದ್ದೇ ಅಪಾಯ

ನಮ್ಮಲ್ಲಿ "ನೋವಿಲ್ಲವಲ್ಲ, ಏನೂ ಆಗಿಲ್ಲ" ಎನ್ನುವ ರೂಢಿ ಇದೆ. ಜೋಮು ಹಿಡಿದ ಪಾದದ ಮಟ್ಟಿಗೆ ಇದು ತಿರುವುಮುರುವು. ಡಾ. ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದವರು. 1946ರಿಂದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕುಷ್ಠರೋಗಿಗಳ ಕೈಕಾಲುಗಳನ್ನು ಪರೀಕ್ಷಿಸಿದರು. ರೋಗಿಗಳ ಬೆರಳುಗಳು ತಾವಾಗಿ ಕೊಳೆತು ಹೋಗುತ್ತಿರಲಿಲ್ಲ. ನೋವು ತಿಳಿಯದ ಕಾರಣ ಸುಟ್ಟದ್ದು, ತರಚಿದ್ದು, ಇಲಿ ಕಡಿದದ್ದು ಗಮನಕ್ಕೆ ಬಾರದೆ ಗಾಯದ ಮೇಲೆ ಗಾಯವಾಗಿ ಹೋಗುತ್ತಿದ್ದವು ಎಂದು ಅವರು ತೋರಿಸಿಕೊಟ್ಟರು. 1966ರಲ್ಲಿ ಅಮೆರಿಕಕ್ಕೆ ಹೋದ ಮೇಲೆ, ಸಕ್ಕರೆ ಕಾಯಿಲೆಯ ಪಾದಗಳಿಗೂ ಇದೇ ತತ್ತ್ವ ಅನ್ವಯಿಸುತ್ತದೆ ಎಂದು ಕಂಡುಕೊಂಡರು. ಪಾದ ಹೋಗುವುದು ಜೋಮಿನಿಂದಲ್ಲ, ಜೋಮಿನಿಂದಾಗಿ ನಾವು ನೋಡದೆ ಬಿಟ್ಟ ಗಾಯದಿಂದ. ಇದು ಸಮಾಧಾನದ ಮಾತು, ಏಕೆಂದರೆ ನೋಡುವುದು ನಮ್ಮ ಕೈಯಲ್ಲಿದೆ.

ನಮ್ಮ ಹೋಬಳಿಯ ಕಬ್ಬು ಬೆಳೆಗಾರರೊಬ್ಬರು ಕಾಲು ಜೋಮಿಗೆ ಒಳ್ಳೆಯದೆಂದು ಬಿಸಿನೀರಿನಲ್ಲಿ ಪಾದ ಇಟ್ಟುಕೊಂಡು ಕೂತರು. ನೀರು ಎಷ್ಟು ಬಿಸಿ ಇತ್ತೆಂದು ಪಾದಕ್ಕೆ ತಿಳಿಯಲಿಲ್ಲ. ಬೊಬ್ಬೆ ಎದ್ದಿತು; ನೋವಿಲ್ಲದ್ದರಿಂದ ಅರಿಶಿನ ಹಚ್ಚಿಕೊಂಡು ಕಬ್ಬಿನ ಕೂಳೆಯ ಮೇಲೆ ನಡೆದಾಡಿದರು. ಹನ್ನೆರಡನೆಯ ದಿನ ಜ್ವರ ಬಂದಾಗ ಆಸ್ಪತ್ರೆಗೆ ಹೋದರು. ಎರಡು ಬೆರಳು ತೆಗೆಯಬೇಕಾಯಿತು. "ನೋವಿದ್ದಿದ್ರೆ ಅವತ್ತೇ ಓಡ್ತಿದ್ದೆ ಸಾರ್" ಎಂದರು. ಈ ಮಾತನ್ನು ನಾನು ಈಗಲೂ ಮರೆತಿಲ್ಲ.

ಪರೀಕ್ಷೆ ಕಷ್ಟವಲ್ಲ

ಪಾದದ ಸ್ಪರ್ಶಜ್ಞಾನ ಪರೀಕ್ಷಿಸಲು ದೊಡ್ಡ ಯಂತ್ರ ಬೇಕಿಲ್ಲ. ಮೀನು ಗಾಳದ ದಾರದಂಥ ಒಂದು ನೈಲಾನ್ ಎಳೆ ಇದೆ; 10 ಗ್ರಾಂ ಒತ್ತಡಕ್ಕೆ ಅದು ಬಾಗುತ್ತದೆ. ಕಣ್ಣು ಮುಚ್ಚಿಸಿ ಅಂಗಾಲಿನ ಕೆಲವು ಕಡೆ ಮುಟ್ಟಿಸಿ ಕೇಳುತ್ತಾರೆ. ಶಾಲೆಯಲ್ಲಿ ನೋಡಿದ ಶ್ರುತಿಕವೆಯನ್ನು ಹೆಬ್ಬೆರಳಿಗೆ ತಾಗಿಸಿ ಕಂಪನ ತಿಳಿಯುತ್ತದೆಯೇ ಎಂದು ನೋಡುತ್ತಾರೆ. ಪಾದದ ನಾಡಿ ಹಿಡಿದು ನೋಡುತ್ತಾರೆ. ಎಲ್ಲ ಸೇರಿ ಐದಾರು ನಿಮಿಷದ ಕೆಲಸ. ಸಕ್ಕರೆ ಕಾಯಿಲೆ ಇರುವ ಪ್ರತಿಯೊಬ್ಬರೂ ವರ್ಷಕ್ಕೆ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಬೇಕು. ತಾಲ್ಲೂಕು ಆಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ವಿಭಾಗದಲ್ಲಿ ವಿಚಾರಿಸಿ. ವೈದ್ಯರು ಸಕ್ಕರೆ ಚೀಟಿ ಮಾತ್ರ ನೋಡಿದರೆ, ಚಪ್ಪಲಿ ಬಿಟ್ಟು "ಕಾಲನ್ನೂ ನೋಡಿ" ಎಂದು ಕೇಳಲು ಸಂಕೋಚ ಬೇಡ. ಮೆಟ್‌ಫಾರ್ಮಿನ್ ನಾಲ್ಕೈದು ವರ್ಷ ನುಂಗಿದ್ದರೆ, ಜೋಮೂ ಇದ್ದರೆ, ಬಿ-12 ಪರೀಕ್ಷೆಯ ವಿಷಯ ಕೇಳಿ.

ದಿನವೂ ಮಾಡಬೇಕಾದದ್ದು

- ರಾತ್ರಿ ಮಲಗುವ ಮೊದಲು ಎರಡೂ ಪಾದ ನೋಡಿ: ಅಂಗಾಲು, ಹಿಮ್ಮಡಿ, ಬೆರಳ ಸಂದು. ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ, ಇಲ್ಲವೇ ಮನೆಯವರಿಂದ ನೋಡಿಸಿ. ಮೊಮ್ಮಕ್ಕಳ ಕಣ್ಣು ಚುರುಕು.
- ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ, ಪಾದದಿಂದ ಬೇಡ. ಬೆರಳ ಸಂದುಗಳನ್ನು ಒಣ ಬಟ್ಟೆಯಲ್ಲಿ ಒರೆಸಿ.
- ಹಿಮ್ಮಡಿ ಒಡೆದಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ. ಬೆರಳ ಸಂದಿಗೆ ಎಣ್ಣೆ ಬೇಡ.
- ಉಗುರನ್ನು ನೇರವಾಗಿ ಕತ್ತರಿಸಿ. ಆಣಿಯನ್ನು ಬ್ಲೇಡಿನಿಂದ ಹೆರೆಯಬೇಡಿ, ಆಣಿ ಪಟ್ಟಿ ಅಂಟಿಸಬೇಡಿ.
- ಬೆಂಕಿ ಕಾಯಿಸುವುದು, ಬಿಸಿ ಇಟ್ಟಿಗೆ ಒತ್ತುವುದು, ಬಿಸಿನೀರಿನಲ್ಲಿ ಪಾದ ಮುಳುಗಿಸುವುದು ಬೇಡ.
- ಮನೆಯೊಳಗೂ ಬರಿಗಾಲಿನಲ್ಲಿ ನಡೆಯಬೇಡಿ. ಎರಡು ಬೆರಳಿನ ಸಂದಿನ ಹವಾಯಿ ಚಪ್ಪಲಿಗಿಂತ, ಹಿಂದೆ ಪಟ್ಟಿ ಇರುವ, ಒಳಗೆ ಮೆತ್ತನೆಯ, ಕೆಳಗೆ ಗಟ್ಟಿ ಅಟ್ಟೆಯ ಚಪ್ಪಲಿ ಮೇಲು. ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿಗಳು ಇದಕ್ಕೆಂದೇ ಇವೆ. ಸಂಜೆ ಪಾದ ಸ್ವಲ್ಪ ಊದಿರುವಾಗ ಅಳತೆ ನೋಡಿ ಕೊಳ್ಳಿ.
- ಬೂಟು, ಚಪ್ಪಲಿ ಹಾಕುವ ಮೊದಲು ಕೊಡವಿ, ಒಳಗೆ ಕೈಯಾಡಿಸಿ.

ಹೊಲದ ಕೆಲಸದಲ್ಲಿ ಇದೆಲ್ಲ ಸಾಧ್ಯವೇ ಎಂದು ನೀವು ಕೇಳಬಹುದು. ಒಣ ಜಮೀನಿನಲ್ಲಿ, ಕಬ್ಬಿನ ಕೂಳೆಯಲ್ಲಿ, ತರಗು ಸುಟ್ಟ ಹೊಲದಲ್ಲಿ ಕಾಲುಚೀಲದ ಮೇಲೆ ಗಂಬೂಟು ಹಾಕಿ. ಆದರೆ ನಾಟಿ ಗದ್ದೆಯ ಕೆಸರಿನಲ್ಲಿ ಗಂಬೂಟು ಹೂತುಕೊಳ್ಳುತ್ತದೆ ಎಂಬುದು ನನಗೂ ಗೊತ್ತು. ಸ್ಪರ್ಶ ಪೂರ್ತಿ ಹೋಗಿರುವವರು, ಪಾದದಲ್ಲಿ ಗಾಯ ಇರುವವರು ಕೆಸರಿಗೆ ಇಳಿಯಲೇಬಾರದು. ಬದುವಿನ ಮೇಲಿನ ಕೆಲಸ ನೋಡಿಕೊಳ್ಳಿ, ಮುಯ್ಯಾಳು ಲೆಕ್ಕದಲ್ಲಿ ಬದಲಾಯಿಸಿಕೊಳ್ಳಿ. ಇಳಿಯಲೇಬೇಕಾದರೆ ಮೇಲೆ ಬಂದ ಕೂಡಲೇ ಕಾಲು ತೊಳೆದು ನೋಡಿ. ಧರ್ಮಸ್ಥಳಕ್ಕೋ ಮಲೆ ಮಹದೇಶ್ವರ ಬೆಟ್ಟಕ್ಕೋ ಬರಿಗಾಲಿನಲ್ಲಿ ನಡೆಯುವ ಹರಕೆ ಇದ್ದವರು ಜೋಮಿನ ಕಾಲಿನಲ್ಲಿ ಹಾಗೆ ಹೊರಡಬೇಡಿ. ಡಾಂಬರು ರಸ್ತೆಯಲ್ಲಿ ಸುಟ್ಟ ಪಾದ ಮನೆಗೆ ಬಂದ ಮೇಲೆ ತಿಳಿಯುತ್ತದೆ.

ಅದೇ ದಿನ ಆಸ್ಪತ್ರೆಗೆ

ಪಾದದಲ್ಲಿ ಹುಣ್ಣು, ಕೀವು, ದುರ್ವಾಸನೆ, ಬೆರಳು ಕಪ್ಪಾಗುವುದು ಕಂಡರೆ ನೋವಿಲ್ಲದಿದ್ದರೂ ಅದೇ ದಿನ ಹೋಗಿ. ಒಂದು ಪಾದ ಮಾತ್ರ ಕೆಂಪಾಗಿ, ಬಿಸಿಯಾಗಿ, ಊದಿಕೊಂಡಿದ್ದರೆ ಒಳಗೆ ಮೂಳೆ ಕುಸಿಯುತ್ತಿರಬಹುದು. ಅದರ ಮೇಲೆ ಭಾರ ಹಾಕದೆ ವಾಹನದಲ್ಲಿ ಹೋಗಿ. ಶರೀರದ ಒಂದು ಬದಿ ಹಠಾತ್ತನೆ ಮರಗಟ್ಟಿದರೆ, ಬಾಯಿ ಸೊಟ್ಟಗಾದರೆ ಅದು ಲಕ್ವ. ನಿಮಿಷವೂ ತಡ ಬೇಡ. ಎರಡೂ ಕಾಲು ಜೋಮು ಹಿಡಿದು ಜೊತೆಗೆ ಮೂತ್ರ ನಿಂತರೆ ಅಥವಾ ಹಿಡಿತ ತಪ್ಪಿದರೆ, ಅದೂ ತುರ್ತು.

ವಾಸಿಯಾಗುತ್ತದೆಯೇ?

ಸಕ್ಕರೆಯಿಂದ ಕೆಟ್ಟ ನರವನ್ನು ಮೊದಲಿನಂತೆ ಮಾಡುವ ಔಷಧಿ ಇಂದಿಗೂ ಇಲ್ಲ. ಹಾಗೆಂದು ಜಾಹೀರಾತು ಕೊಡುವವರನ್ನು ನಂಬಬೇಡಿ. ಉರಿ, ನೋವು ನಿದ್ದೆ ಕೆಡಿಸುವಷ್ಟಿದ್ದರೆ ತಗ್ಗಿಸುವ ಮಾತ್ರೆಗಳಿವೆ. ವೈದ್ಯರು ನಿಮ್ಮ ವಯಸ್ಸು, ಮೂತ್ರಪಿಂಡ, ಹೃದಯ ನೋಡಿ ಕೊಡುತ್ತಾರೆ. ಮುಂದೆ ಕೆಡದಂತೆ ತಡೆಯುವುದು ಸಾಧ್ಯ. ಇನ್ಸುಲಿನ್ ಅವಲಂಬಿತ ಮೊದಲ ಬಗೆಯ ಸಕ್ಕರೆ ಕಾಯಿಲೆಯವರ ಮೇಲೆ ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 1993ರಲ್ಲಿ ಬಂತು. ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟವರಲ್ಲಿ ನರದೋಷದ ಸಂಭವ ಸುಮಾರು 60% ತಗ್ಗಿತ್ತು. ನಮ್ಮಲ್ಲಿ ಹೆಚ್ಚಾಗಿರುವ ಎರಡನೆಯ ಬಗೆಯಲ್ಲಿ ಲಾಭ ಇಷ್ಟು ದೊಡ್ಡದಲ್ಲ. ಅವರು ಸಕ್ಕರೆಯ ಜೊತೆಗೆ ರಕ್ತದೊತ್ತಡ, ಕೊಬ್ಬು, ತೂಕ, ತಂಬಾಕು ಎಲ್ಲವನ್ನೂ ನೋಡಿಕೊಳ್ಳಬೇಕು.

ಬಾಂಧವರೇ, ಬೆಳೆಗೆ ರೋಗ ಬಂದರೆ ಎಲೆ ಕಿತ್ತುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಬರುತ್ತೀರಿ. "ಇದೇನು ನೋಡಿ" ಎನ್ನುತ್ತೀರಿ. ಕಾಲಿನ ಜೋಮಿಗೂ ಅಷ್ಟೇ ಮಾಡಿ. ವಯಸ್ಸಾಯಿತು, ಸಕ್ಕರೆ ಇದೆ, ಇಷ್ಟೇ ಎಂದು ಕೂರಬೇಡಿ. ಕಾರಣ ಹುಡುಕಿಸಿ, ಹುಡುಕುವ ತನಕವೂ, ಸಿಕ್ಕ ಮೇಲೂ ಪಾದ ಕಾಯಿರಿ. ಇಂದು ರಾತ್ರಿ ದೀಪ ಆರಿಸುವ ಮುಂಚೆ ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರ ಎರಡೂ ಅಂಗಾಲುಗಳನ್ನು ಒಮ್ಮೆ ನೋಡಿ.